ಬೀಚ್‌ನಲ್ಲಿ ಓಡಿಸಿದರೆ ಕುದುರೆಯ ಕಾಲು ಗಟ್ಟಿಯಾಗುತ್ತದೆಯೇ?

ಮರಳಿನಲ್ಲಿ ಓಡಿಸಿದರೆ ಕುದುರೆಯ ಕಾಲು ಕಬ್ಬಿಣದಂತಾಗುತ್ತದೆ, ಉಪ್ಪುನೀರು ಕುಂಟುವ ಕುದುರೆಗೂ ಮದ್ದು ಎನ್ನುವ ಮೆಸೇಜು ವಿಡಿಯೊ ಸಮೇತ ನಿಮಗೂ ಬಂದಿರಬಹುದು. ಇದು ಅರ್ಧ ಸತ್ಯ.

ಈ ಮಾತಿಗೆ ಬಲ ಕೊಟ್ಟದ್ದು ಇಂಗ್ಲೆಂಡಿನ ರೆಡ್ ರಮ್. ಗೊರಸಿನೊಳಗಿನ ಮೂಳೆಯ ಉರಿಯೂತವಿದ್ದ ಈ ಕುದುರೆಯನ್ನು ತರಬೇತುದಾರ ಜಿಂಜರ್ ಮೆಕೇನ್ ಸೌತ್‌ಪೋರ್ಟ್ ಕಡಲತೀರದಲ್ಲಿ ಓಡಿಸುತ್ತಿದ್ದರು, ಸಮುದ್ರದ ನೀರಿನಲ್ಲಿ ನಡೆಸುತ್ತಿದ್ದರು. 1973, 1974 ಮತ್ತು 1977ರಲ್ಲಿ ಅದು ಗ್ರ್ಯಾಂಡ್ ನ್ಯಾಷನಲ್ ಗೆದ್ದಿತು. 1975 ಮತ್ತು 1976ರಲ್ಲಿ ಎರಡನೆಯ ಸ್ಥಾನ. ತಣ್ಣೀರು ಊತ ಇಳಿಸುತ್ತದೆ, ಉಳುಕಿದ ಕಾಲಿಗೆ ಐಸ್ ಇಟ್ಟಂತೆ. ಉಪ್ಪಿನ ಪವಾಡವೇನೂ ಇಲ್ಲ. ನಮ್ಮ ಕರಾವಳಿಯ ಬೆಚ್ಚನೆಯ ನೀರಿನಲ್ಲಿ ಅಷ್ಟು ತಂಪೂ ಸಿಗುವುದಿಲ್ಲ.

ಇನ್ನು ಮರಳು. ಕುದುರೆಯ ಮುಂಗಾಲಿನಲ್ಲಿ ಮೊಣಕಾಲಿನ ಕೆಳಗೆ ಮಾಂಸಖಂಡವೇ ಇಲ್ಲವೆನ್ನಬಹುದು. ಮೂಳೆ ಮತ್ತು ಹಗ್ಗದಂಥ ಸ್ನಾಯುರಜ್ಜು ಅಷ್ಟೇ. ಒಣ, ಸಡಿಲ ಮರಳಿನಲ್ಲಿ ಗೊರಸು ಹೂತು ಹೋದಾಗ ಈ ರಜ್ಜುಗಳ ಮೇಲೆ ಎಳೆತ ಹೆಚ್ಚುತ್ತದೆ, ದಣಿದ ಕುದುರೆಗಂತೂ ಅಪಾಯ. ನೀರಂಚಿನಲ್ಲಿ ಸಿಮೆಂಟಿನಂತೆ ಬಿಗಿದ ಮರಳಿನಲ್ಲಿ ಓಡಿಸಿದರೆ ರಸ್ತೆಯಲ್ಲಿ ಓಡಿಸಿದಂತೆಯೇ ಪೆಟ್ಟು. ಗೊರಸಿನ ಗುರುತು ಸ್ಪಷ್ಟವಾಗಿ ಮೂಡಿ, ಕಾಲು ಹೂಳದ ಒದ್ದೆ ಪಟ್ಟಿಯೇ ಸರಿ. ಅಲ್ಲಿಯೂ ಮೊದಲ ವಾರಗಳಲ್ಲಿ ನಡಿಗೆ, ಆಮೇಲೆ ಸ್ವಲ್ಪ ಕುಕ್ಕುಲೋಟ, ದೌಡು ಕೊನೆಗೆ. ಎದೆಯ ದಮ್ಮು ಕೆಲವೇ ವಾರಗಳಲ್ಲಿ ಬರುತ್ತದೆ, ರಜ್ಜು ಮತ್ತು ಮೂಳೆ ಗಟ್ಟಿಯಾಗಲು ತಿಂಗಳುಗಳೇ ಬೇಕು. ಏದುಸಿರು ಬಿಡುತ್ತಿಲ್ಲ ಎಂದು ಓಡಿಸುತ್ತಲೇ ಹೋಗುವವರು ಎಡವುವುದು ಇಲ್ಲೇ.

ಸವಾರಿಗೆ ಮುನ್ನ ಉಬ್ಬರದ ಹೊತ್ತು ನೋಡಿಕೊಳ್ಳಿ; ಅದು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ನಿನ್ನೆಯ ಲೆಕ್ಕ ಇಂದಿಗೆ ನಡೆಯದು. ಓಡಿಸುವ ದಾರಿಯನ್ನು ಮೊದಲು ನೀವೇ ನಡೆದು ಬನ್ನಿ: ಗುಂಡಿ, ಗಾಜು, ಮೀನು ಬಲೆಯ ತುಂಡು ಕಾಣದೇ ಇರುತ್ತವೆ. ಹೆಲ್ಮೆಟ್ ಬೇಕೇ ಬೇಕು. ಅಲೆ ಹಿಂದೆ ಸರಿಯುವಾಗ ನೆಲವೇ ಜಾರಿದಂತೆ ಕಂಡು ಕುದುರೆ ಬೆದರುತ್ತದೆ, ಕೆಳಗೆ ನೋಡುವ ಸವಾರನಿಗೂ ತಲೆ ಸುತ್ತುತ್ತದೆ. ಅನುಭವಿ ಕುದುರೆಯೊಂದು ಜೊತೆಗಿದ್ದರೆ ಹೊಸದಕ್ಕೆ ಧೈರ್ಯ.

ಮರಳಿನ ಮೇಲೆ ಹುಲ್ಲು ಹಾಕಬೇಡಿ. ಜೊತೆಗೆ ಹೊಟ್ಟೆ ಸೇರುವ ಮರಳು ಕರುಳಿನಲ್ಲಿ ಕೂತು ಪ್ರಾಣಕ್ಕೇ ಕುತ್ತಾಗುವ ಹೊಟ್ಟೆನೋವು ತರಬಹುದು. ಸಮುದ್ರದ ನೀರನ್ನೂ ಕುಡಿಯಗೊಡಬೇಡಿ, ಸಿಹಿನೀರು ಒಯ್ಯಿರಿ. ಮರಳಿದ ಮೇಲೆ ಕಾಲು, ಹೊಟ್ಟೆಯಡಿ, ಜೀನಿನ ಪಟ್ಟಿ ಎಲ್ಲವನ್ನೂ ಸಿಹಿನೀರಿನಲ್ಲಿ ತೊಳೆಯಿರಿ. ಉಪ್ಪು ಮತ್ತು ಮರಳು ಉಜ್ಜಿ ಚರ್ಮ ಹುಣ್ಣಾಗುತ್ತದೆ. ಮರುದಿನ ಕಾಲು ಮುಟ್ಟಿದರೆ ಬಿಸಿ ಇದೆಯೇ, ಊದಿದೆಯೇ ನೋಡಿ. ಇದ್ದರೆ ಸವಾರಿ ಬಿಟ್ಟು ಪಶುವೈದ್ಯರನ್ನು ಕರೆಸಿ.