ಬಾಸ್ಟಿಲಿನ ಎಂಬತ್ತಮೂರು ಮರಿಕೋಟೆಗಳು

ಶಾಲೆಯ ವಸ್ತುಪ್ರದರ್ಶನಕ್ಕೆಂದು ನನ್ನ ಮಗಳು ರಟ್ಟಿನಲ್ಲಿ ಬೇಕಲ ಕೋಟೆಯನ್ನು ಕಟ್ಟಿದಳು. ಗೋಡೆಗೆ ಮುರಕಲ್ಲಿನ ಬಣ್ಣ, ಕಡಲಿಗೆ ನೀಲಿ ಕಾಗದ, ನಡುವೆ ಬೆಂಕಿಪೆಟ್ಟಿಗೆಗಳನ್ನು ಜೋಡಿಸಿ ಮಾಡಿದ ವೀಕ್ಷಣೆಯ ಬುರುಜು. ಕೆಳದಿಯ ಶಿವಪ್ಪ ನಾಯಕ 17ನೆಯ ಶತಮಾನದಲ್ಲಿ ಕಟ್ಟಿಸಿದ ಕೋಟೆಯೆಂದು ಕನ್ನಡದಲ್ಲೂ ಮಲಯಾಳದಲ್ಲೂ ಒಂದು ಚೀಟಿ ಬರೆದು ಅಂಟಿಸಿದಳು. ಎಲ್ಲ ಮುಗಿದ ಮೇಲೆ, “ಅಪ್ಪಾ, ಇದರ ಒಳಗೆ ಯಾರೆಲ್ಲ ಇದ್ದದ್ದು?” ಎಂದು ಕೇಳಿದಳು. ನನ್ನಲ್ಲಿ ಥಟ್ಟನೆ ಉತ್ತರವಿರಲಿಲ್ಲ.

ಆ ಪ್ರಶ್ನೆಯಿಂದ ನನಗೆ ಬಿ.ಎ. ತರಗತಿಯಲ್ಲಿ ಓದಿದ ಇನ್ನೊಂದು ಕೋಟೆ ನೆನಪಾಯಿತು. ಪ್ಯಾರಿಸಿನ ಆ ಕೋಟೆ ಇಂದು ಇಲ್ಲ. ಆದರೆ ಅದರ ಮರಿಕೋಟೆಗಳು ಫ್ರಾನ್ಸಿನ ವಸ್ತುಸಂಗ್ರಹಾಲಯಗಳಲ್ಲಿ ಇನ್ನೂ ಉಳಿದಿವೆ.

ಅದೇ ಬಾಸ್ಟಿಲ್. 14ನೆಯ ಶತಮಾನದಲ್ಲಿ ಐದನೆಯ ಚಾರ್ಲ್ಸ್ ಅರಸ ನಗರದ ರಕ್ಷಣೆಗೆಂದು ಕಟ್ಟಿಸಿದ್ದು. ಎಂಟು ಬುರುಜುಗಳು, ಸುಮಾರು 24 ಮೀಟರ್ ಎತ್ತರದ ಗೋಡೆ. ಮುಂದೆ ಅದು ಸೆರೆಮನೆಯಾಯಿತು. ಅರಸನ ಮುದ್ರೆಯ ಒಂದು ಪತ್ರ ಬಂದರೆ ಸಾಕು, ವಿಚಾರಣೆಯಿಲ್ಲದೆ ಯಾರನ್ನೂ ಒಳಗೆ ಹಾಕಬಹುದಿತ್ತು. ಲೇಖಕ ವೋಲ್ಟೇರ್ 1717–18ರಲ್ಲಿ ಅಲ್ಲಿ ಹನ್ನೊಂದು ತಿಂಗಳು ಕಳೆದ. ಲಾತ್ಯೂದ್ ಎಂಬವನು 1756ರಲ್ಲಿ ಹಗ್ಗದ ಏಣಿಯಿಂದ ಇಳಿದು ತಪ್ಪಿಸಿಕೊಂಡ, ಮತ್ತೆ ಸಿಕ್ಕಿಬಿದ್ದ. ಅವನು ಬೇರೆ ಬೇರೆ ಸೆರೆಮನೆಗಳಲ್ಲಿ ಸುಮಾರು 35 ವರ್ಷ ಕೊಳೆತ. ಅಂಥ ಕತೆಗಳು ಊರೂರು ಹಬ್ಬಿ ಬಾಸ್ಟಿಲ್ ಎಂದರೆ ಜನ ನಡುಗುವಂತಾಯಿತು.

ಆ ಬುರುಜುಗಳು ನಿಂತಿದ್ದ ಕಾಲದಲ್ಲೇ ನಮ್ಮ ಕಡೆಯವರೂ ಪ್ಯಾರಿಸಿಗೆ ಹೋಗಿದ್ದರು. ಬೇಕಲವು ಟಿಪ್ಪುವಿನ ಅಧೀನದಲ್ಲಿದ್ದಾಗ, 1788ರಲ್ಲಿ, ಅವನ ಮೂವರು ರಾಯಭಾರಿಗಳು ಹದಿನಾರನೆಯ ಲೂಯಿಯನ್ನು ಕಂಡು ಇಂಗ್ಲಿಷರ ವಿರುದ್ಧ ನೆರವು ಕೇಳಿದರು. ಉಪಚಾರ ಬೇಕಾದಷ್ಟು ಸಿಕ್ಕಿತು. ಕೇಳಿದ ಸೈನ್ಯ ಸಿಗಲಿಲ್ಲ. ಲೂಯಿಯ ಬೊಕ್ಕಸವೇ ಬರಿದಾಗಿತ್ತು. ವರ್ಷ ತುಂಬುವುದರೊಳಗೆ, 1789ರ ಜುಲೈ 14ರಂದು, ಪ್ಯಾರಿಸಿನ ಜನ ಬಾಸ್ಟಿಲಿಗೆ ನುಗ್ಗಿದರು. ಮುತ್ತಿಗೆ ಹಾಕಿದವರಲ್ಲಿ ಸುಮಾರು ನೂರು ಮಂದಿ ಸತ್ತರು. ಒಳಗೆ ಸಿಕ್ಕಿದ ಕೈದಿಗಳು ಏಳೇ ಮಂದಿ. ನಾಲ್ವರು ಹುಂಡಿ ಪತ್ರಗಳ ನಕಲು ಮಾಡಿದವರು, ಇಬ್ಬರು ಬುದ್ಧಿಭ್ರಮಣೆಯವರು, ಒಬ್ಬ ಮನೆಯವರೇ ಹಾಕಿಸಿದ ಶ್ರೀಮಂತ.

ಮರಿಕೋಟೆಗಳ ಕತೆ ಇಲ್ಲಿಂದ ಶುರು. ಪಾಲ್ವಾ ಎಂಬ ಕಟ್ಟಡದ ಕಂಟ್ರಾಕ್ಟರ್ ಇದ್ದ. ಕೋಟೆ ಬಿದ್ದ ಒಂದೆರಡು ದಿನಗಳಲ್ಲೇ ಅವನು ಆಳುಗಳನ್ನು ಕಟ್ಟಿಕೊಂಡು ಅದನ್ನು ಕೆಡವತೊಡಗಿದ. ಮುಂದೆ ಆಳುಗಳ ಸಂಖ್ಯೆ ಸಾವಿರದ ಹತ್ತಿರ ಮುಟ್ಟಿತು. ಕೆಡವಿದ ಕಲ್ಲಿನಲ್ಲಿ ಒಂದಷ್ಟು ಸೇನ್ ನದಿಯ ಹೊಸ ಸೇತುವೆಗೆ ಹೋಯಿತು. ಉಳಿದದ್ದರಲ್ಲಿ ಪಾಲ್ವಾ ಒಂದು ಹೊಸ ಉದ್ಯೋಗವನ್ನೇ ಕಂಡುಕೊಂಡ. ಸರಪಣಿಯ ಕಬ್ಬಿಣದಿಂದ ಪದಕಗಳು, ಕಲ್ಲಿನಿಂದ ಮಸಿಕುಡಿಕೆಗಳು. ಎಲ್ಲಕ್ಕಿಂತ ದೊಡ್ಡ ಕೆಲಸವೆಂದರೆ, ಆ ಕೋಟೆಯದೇ ಕಲ್ಲಿನಲ್ಲಿ ಎಂಟು ಬುರುಜುಗಳ ಸಮೇತ, ಸುಮಾರು ಒಂದು ಮೀಟರ್ ಉದ್ದದ ಪುಟ್ಟ ಬಾಸ್ಟಿಲುಗಳನ್ನು ಮಾಡಿಸಿದ್ದು.

ಎಷ್ಟು? ಎಂಬತ್ತಮೂರು. ಈ ಲೆಕ್ಕದಲ್ಲೇ ಇದೆ ಸ್ವಾರಸ್ಯ. 1790ರಲ್ಲಿ ಕ್ರಾಂತಿಯ ಸರಕಾರ ಹಳೆಯ ಪ್ರಾಂತಗಳನ್ನು ಅಳಿಸಿ ಇಡೀ ದೇಶವನ್ನು 83 ಹೊಸ ಜಿಲ್ಲೆಗಳಾಗಿ ಹಂಚಿತು. ಬ್ರಿಟನಿಯವನೂ ಪ್ರೊವಾನ್ಸಿನವನೂ ಒಂದು ದಿನ ಬೆಳಗಾಗುವಾಗ ತಾವು ಕೇಳಿಯೂ ಇರದ ಹೆಸರಿನ ಜಿಲ್ಲೆಗೆ ಸೇರಿದ್ದರು. ಅವರಲ್ಲಿ ಎಷ್ಟೋ ಮಂದಿಯ ಮನೆಮಾತು ಫ್ರೆಂಚ್ ಆಗಿರಲಿಲ್ಲ. ಆ ಒಂದೊಂದು ಜಿಲ್ಲೆಗೂ ಪಾಲ್ವಾ ಒಂದೊಂದು ಮರಿಕೋಟೆಯನ್ನು ಪೆಟ್ಟಿಗೆಯಲ್ಲಿಟ್ಟು ತನ್ನ ದೂತರ ಕೈಯಲ್ಲಿ ಉಡುಗೊರೆಯಾಗಿ ಕಳುಹಿಸಿದ. ದೂತರಿಗೆ ಅವನಿಟ್ಟ ಹೆಸರು ‘ಸ್ವಾತಂತ್ರ್ಯದ ಅಪೊಸ್ತಲರು’. ಪ್ಯಾರಿಸನ್ನೇ ಕಾಣದವರು ಆ ಕಲ್ಲನ್ನು ಮುಟ್ಟಿ, ಬಿದ್ದ ಕೋಟೆ ತಮ್ಮದೂ ಹೌದೆಂದು ತಿಳಿಯಬೇಕೆಂಬುದು ಅವನ ಆಸೆ.

1956ರ ನವೆಂಬರ್ 1ರಂದು ಗೆರೆ ಬದಲಾದಾಗ ಮದ್ರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಿಂದ ಕೇರಳಕ್ಕೆ ಸೇರಿದ ಕಾಸರಗೋಡಿನವರಿಗೆ ಇದು ಬಿಡಿಸಿ ಹೇಳಬೇಕಾದ ಮಾತಲ್ಲ. ಗೆರೆ ಎಳೆಯಲು ಒಂದು ಕಾಯಿದೆ ಸಾಕು. ಗೆರೆಯ ಒಳಗಿನವರ ಮನಸ್ಸು ಒಗ್ಗಬೇಕಾದರೆ ಕೈಯಲ್ಲಿ ಹಿಡಿಯಬಲ್ಲ ಏನಾದರೊಂದು ಬೇಕಾಗುತ್ತದೆ. ಪಾಲ್ವಾನಿಗೆ ಅದು ಗೊತ್ತಿತ್ತು.

ಆದರೆ ಬ್ಯಾಂಕಿನಲ್ಲಿ ಲೆಡ್ಜರ್ ನೋಡಿ ಅಭ್ಯಾಸವಾದ ನನಗೆ ಲೆಕ್ಕದ ಇನ್ನೊಂದು ಬದಿಯೂ ಕಾಣುತ್ತದೆ. ಪಾಲ್ವಾ ದೇಶಭಕ್ತನೂ ಹೌದು, ವ್ಯಾಪಾರಿಯೂ ಹೌದು. ಹಣ ದುರುಪಯೋಗವಾಯಿತೆಂಬ ಆರೋಪದ ಮೇಲೆ 1793–94ರಲ್ಲಿ ಕೆಲವು ತಿಂಗಳು ಅವನೇ ಜೈಲಿನಲ್ಲಿದ್ದ. ಸೆರೆಮನೆ ಕೆಡವಿದವನಿಗೆ ಬೇರೊಂದು ಸೆರೆಮನೆ! 1835ರಲ್ಲಿ ಬಡತನದಲ್ಲಿ ತೀರಿಕೊಂಡ.

ಅವನ ಮರಿಕೋಟೆಯಲ್ಲಿ ಬುರುಜಿದೆ, ಬಾಗಿಲಿದೆ, ಭಯವಿದೆ. ಆದರೆ ಒಳಗಿದ್ದವರು ಏಳೇ ಮಂದಿಯೆಂದು ಅದು ಹೇಳುವುದಿಲ್ಲ. ನೆಲಮಾಳಿಗೆಯ ಕತ್ತಲೆಕೋಣೆಗಳು ಕೊನೆಯ ವರ್ಷಗಳಲ್ಲಿ ಬಳಕೆಯಲ್ಲಿರಲಿಲ್ಲ, 1784ರಲ್ಲೇ ಪ್ಯಾರಿಸ್ ನಗರದ ವಾಸ್ತುಶಿಲ್ಪಿಯೊಬ್ಬ ಕೋಟೆಯನ್ನು ಕೆಡವಿ ಚೌಕ ಮಾಡಲು ನಕ್ಷೆ ಬರೆದಿದ್ದ ಎಂಬುದೂ ಅದರಲ್ಲಿ ಕಾಣುವುದಿಲ್ಲ. ಕೋಟೆ ಕೆಡವುವಾಗ ಸಿಕ್ಕಿದ ಒಂದು ಹಳೆಯ ಕವಚವನ್ನೂ ಅಚ್ಚಿನ ಯಂತ್ರದ ಭಾಗಗಳನ್ನೂ ಚಿತ್ರಹಿಂಸೆಯ ಸಾಧನಗಳೆಂದು ಜನರಿಗೆ ತೋರಿಸಿದರಂತೆ. ಹಾಗೆಂದು ಬಾಸ್ಟಿಲಿನ ಅನ್ಯಾಯ ಸುಳ್ಳಲ್ಲ. ವಿಚಾರಣೆಯಿಲ್ಲದೆ ಒಬ್ಬನನ್ನು ಕೂಡಿಹಾಕಿದರೂ ಅನ್ಯಾಯವೇ. ಆದರೆ ನಿಜವಾದ ಅನ್ಯಾಯಕ್ಕೆ ಸುಳ್ಳು ಸಾಕ್ಷಿ ಸೇರಿಸಿದರೆ ಮುಂದೆ ನಿಜವನ್ನೂ ಯಾರೂ ನಂಬದಂತಾಗುತ್ತದೆ. ಗಡಿನಾಡಿನ ಕಷ್ಟಸುಖ ಬರೆಯುವ ನಮಗೂ ಈ ಎಚ್ಚರ ಬೇಕು.

ಇಂದು ಬಾಸ್ಟಿಲ್ ಇದ್ದ ಜಾಗದಲ್ಲಿ ಒಂದು ಚೌಕವಿದೆ. ಗೋಡೆ ಹಾದುಹೋಗಿದ್ದ ಕಡೆ ನೆಲಹಾಸಿನಲ್ಲಿ ಗುರುತು ಮಾಡಿದ್ದಾರೆ. 1899ರಲ್ಲಿ ಮೆಟ್ರೋ ರೈಲಿಗೆ ಅಗೆಯುವಾಗ ಒಂದು ಬುರುಜಿನ ತಳಪಾಯ ಸಿಕ್ಕಿತು. ಅದನ್ನು ಹತ್ತಿರದ ಉದ್ಯಾನಕ್ಕೆ ಸಾಗಿಸಿ ಇಟ್ಟಿದ್ದಾರೆ. ಸೆರೆಮನೆಯ ಆ ಬುರುಜಿನ ಹೆಸರೇ ‘ಸ್ವಾತಂತ್ರ್ಯ’! ಪಾಲ್ವಾನ ಮರಿಕೋಟೆಯೊಂದನ್ನೂ ಲಾತ್ಯೂದನ ಹಗ್ಗದ ಏಣಿಯನ್ನೂ ಪ್ಯಾರಿಸಿನ ಕಾರ್ನವಾಲೆ ವಸ್ತುಸಂಗ್ರಹಾಲಯ ಕಾಪಾಡಿದೆ. ನನಗಂತೂ ಕೋಟೆಗಿಂತ ಏಣಿಯೇ ಹೆಚ್ಚು ಮಾತಾಡುವಂತೆ ತೋರುತ್ತದೆ. ಕೋಟೆ ಎಷ್ಟು ಎತ್ತರವೆಂದು ಮಾತ್ರ ಹೇಳುತ್ತದೆ. ಒಳಗೊಬ್ಬ ಮನುಷ್ಯನಿದ್ದನೆಂದು ಹೇಳುವುದು ಏಣಿ.

ನಮ್ಮ ಹಳೆಯ ಮನೆಯನ್ನು ಕೆಡವಿದಾಗ ಒಂದು ದಾರಂದವನ್ನೂ ಪತ್ತಾಯದ ಹಲಗೆಯನ್ನೂ ಉಳಿಸಿಕೊಂಡಿದ್ದೇವೆ. ನೆಂಟರು ಬಂದಾಗ ತೋರಿಸುತ್ತೇವೆ. ಆ ಪತ್ತಾಯಕ್ಕೆ ಭತ್ತ ಬೆಳೆದು ಹೊತ್ತು ತಂದವರ ಹೆಸರನ್ನು ಮಾತ್ರ ನಮ್ಮಲ್ಲಿ ಯಾರೂ ಬರೆದಿಟ್ಟಿಲ್ಲ.

ಮರುದಿನ ಮಗಳಿಗೆ ಉತ್ತರ ಹೇಳಿದೆ. ಮುರಕಲ್ಲು ಕಡಿದವರು, ಹೊತ್ತವರು, ಕಾವಲು ನಿಂತ ಸಿಪಾಯಿಗಳು, ಕೋಟೆಯ ಕೆರೆಯಿಂದ ನೀರೆತ್ತಿದವರು. ಅವರೆಲ್ಲರ ಮನೆಮಾತು ಒಂದೇ ಆಗಿದ್ದಿರಲಾರದು. ಅವಳು ಎರಡು ಭಾಷೆಯಲ್ಲೂ ಇನ್ನೊಂದು ಚೀಟಿ ಬರೆದು, ಶಿವಪ್ಪ ನಾಯಕನ ಹೆಸರಿನ ಕೆಳಗೆ ಅಂಟಿಸಿದಳು.