ಡೈನಮೋದಿಂದ ಆಲ್ಟರ್ನೇಟರ್‌ಗೆ: ದಕ್ಷಿಣ ಬೆಂಗಳೂರಿನ ಒಂದು ಕಸುಬಿನ ಚರಿತ್ರೆ

ಬೆಂಗಳೂರಿನ ವಿದ್ಯುತ್ತಿನ ಚರಿತ್ರೆ ಸಾಮಾನ್ಯವಾಗಿ ಶಿವನಸಮುದ್ರದಿಂದ ಆರಂಭವಾಗುತ್ತದೆ. 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹರಿದ ಅಲ್ಲಿನ ವಿದ್ಯುತ್ತು 1905ರಲ್ಲಿ ಬೆಂಗಳೂರಿನ ಬೀದಿದೀಪಗಳನ್ನು ಬೆಳಗಿಸಿದ ಸಂಗತಿ ಎಲ್ಲರಿಗೂ ತಿಳಿದದ್ದೇ. ಆದರೆ ಅದೇ ಮೂರು ಫೇಸುಗಳ ಪರ್ಯಾಯ ವಿದ್ಯುತ್ತನ್ನು, ಎಂದರೆ ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುವ ಪ್ರವಾಹವನ್ನು, ಎಂಜಿನ್ನಿನ ಪಕ್ಕದಲ್ಲಿ ಕುಳಿತು ಬೆಲ್ಟಿನ ಬಲದಿಂದ ಉತ್ಪಾದಿಸುವ ಆಲ್ಟರ್ನೇಟರ್ ಎಂಬ ಪುಟ್ಟ ಯಂತ್ರಕ್ಕೂ, ಅದನ್ನು ರಿಪೇರಿ ಮಾಡಿ, ಬೇಕಾದಾಗ ಹೆಚ್ಚಿನ ಸಾಮರ್ಥ್ಯದ್ದನ್ನು ಕೂರಿಸಿಕೊಟ್ಟ ಆಟೋ ಎಲೆಕ್ಟ್ರಿಷಿಯನ್ನರ ಕಸುಬಿಗೂ ಆ ಚರಿತ್ರೆಯಲ್ಲಿ ಇನ್ನೂ ಸ್ಥಾನ ದೊರೆತಿಲ್ಲ.

ಈ ಕಸುಬಿಗೆ ದಕ್ಷಿಣ ಬೆಂಗಳೂರು ಒದಗಿಸಿದ ನೆಲೆ ಹದವಾಗಿತ್ತು. 1948ರಲ್ಲಿ ಜಯನಗರ ಬಡಾವಣೆಗೆ ಅಡಿಗಲ್ಲು ಬಿದ್ದ ಕೆಲವೇ ವರ್ಷಗಳಲ್ಲಿ, ಜರ್ಮನಿಯ ಬಾಷ್ ಸಂಸ್ಥೆಯ ಸಹಯೋಗದಿಂದ 1951ರಲ್ಲಿ ಸ್ಥಾಪಿತವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಆಡುಗೋಡಿಯಲ್ಲಿ ನೆಲೆಯೂರಿ, ಸ್ಪಾರ್ಕ್ ಪ್ಲಗ್ ಮತ್ತು ಡೀಸೆಲ್ ಪಂಪುಗಳ ತಯಾರಿಕೆಗೆ ಹೆಸರಾಯಿತು. ಜನರ ಬಾಯಲ್ಲಿ 'ಮೈಕೋ' ಎಂದೇ ಉಳಿದ ಈ ಕಂಪನಿ 2008ರಲ್ಲಿ ಬಾಷ್ ಎಂಬ ಹೆಸರು ತಳೆದರೂ, ಬಿಟಿಎಂ ಬಡಾವಣೆಯ ಮೈಕೋ ಲೇಔಟ್ ಹಳೆಯ ಹೆಸರನ್ನು ಕಾಪಾಡಿಕೊಂಡಿದೆ. ಒಂದು ಕಡೆ ಈ ಕಾರ್ಖಾನೆ, ಇನ್ನೊಂದು ಕಡೆ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಸಾಲು ಮತ್ತು ಕಲಾಸಿಪಾಳ್ಯದ ಲಾರಿ ವಹಿವಾಟು, ಇವುಗಳ ನಡುವೆ ಬೆಳೆದ ಬಡಾವಣೆಗಳಲ್ಲಿ ವಾಹನ ರಿಪೇರಿಯ ಕೆಲಸಕ್ಕೆ ಸಾಮಾನಿಗೂ ಗಿರಾಕಿಗೂ ಕೊರತೆಯಿರಲಿಲ್ಲ.

ಆರಂಭದ ದಶಕಗಳಲ್ಲಿ ವಾಹನಗಳಲ್ಲಿದ್ದುದು ಡೈನಮೋ. ಅದರಲ್ಲಿ ತಂತಿ ಸುತ್ತಿದ ಆರ್ಮೇಚರ್ ಕಾಂತಕ್ಷೇತ್ರದ ನಡುವೆ ತಿರುಗುತ್ತಿತ್ತು. ಅದರ ತುದಿಯಲ್ಲಿದ್ದ ಕಮ್ಯುಟೇಟರ್, ಎಂದರೆ ತಾಮ್ರದ ಪಟ್ಟಿಗಳ ಉರುಳೆ, ಕಾರ್ಬನ್ ಬ್ರಷ್‌ಗಳ ಮೂಲಕ ವಿದ್ಯುತ್ತನ್ನು ಒಂದೇ ದಿಕ್ಕಿಗೆ ತಿರುಗಿಸಿ ಹೊರಗೆ ಕಳಿಸುತ್ತಿತ್ತು. ಆ ಕಾಲದಲ್ಲಿ ಬಹಳ ಬಳಕೆಯಲ್ಲಿದ್ದ ಲ್ಯೂಕಸ್ ಸಿ-40 ಮಾದರಿ ನೀಡುತ್ತಿದ್ದುದು ಸುಮಾರು 22 ಆಂಪಿಯರ್, ಎಂದರೆ ಹೆಚ್ಚೆಂದರೆ 300 ವ್ಯಾಟ್. ಎಂಜಿನ್ ನಿಧಾನವಾಗಿ ಓಡುವಾಗ ಡೈನಮೋ ಚಾರ್ಜ್ ಕೊಡುತ್ತಲೇ ಇರಲಿಲ್ಲವಾದ್ದರಿಂದ, ಬ್ಯಾಟರಿಯ ವಿದ್ಯುತ್ತು ಹಿಂದಕ್ಕೆ ಹರಿಯದಂತೆ ತಡೆಯಲು 'ಕಟೌಟ್' ಎಂಬ ಸ್ವಿಚ್ಚು ಬೇಕಾಗುತ್ತಿತ್ತು. ಸುಟ್ಟ ಆರ್ಮೇಚರಿನ ಹಳೆಯ ತಂತಿಯನ್ನು ಬಿಚ್ಚಿ ಸುತ್ತುಗಳನ್ನು ಎಣಿಸುವುದು, ಸಂದುಗಳಿಗೆ ನಿರೋಧಕ ಕಾಗದ ಹೊದಿಸಿ ಹೊಸ ತಂತಿ ಸುತ್ತುವುದು, ವಾರ್ನಿಷ್ ಹಾಕಿ ಒಣಗಿಸುವುದು, ಸವೆದ ಕಮ್ಯುಟೇಟರನ್ನು ಲೇಥಿನಲ್ಲಿ ಹಿಡಿದು ಪಟ್ಟಿಗಳ ನಡುವಿನ ಅಭ್ರಕವನ್ನು ಗರಗಸದ ಬ್ಲೇಡಿನಿಂದ ಕೆರೆದು ತಗ್ಗಿಸುವುದು, ಇವೆಲ್ಲ ವೈಂಡಿಂಗ್ ಕೆಲಸಗಾರರು ವರ್ಷಗಟ್ಟಲೆ ಕೈಪಳಗಿಸಿ ಪಡೆದ ವಿದ್ಯೆ.

ಸಿಲಿಕಾನ್ ಡಯೋಡ್, ಎಂದರೆ ವಿದ್ಯುತ್ತನ್ನು ಒಂದೇ ದಿಕ್ಕಿನಲ್ಲಿ ಹರಿಯಗೊಡುವ ಸಾಧನ, ಅಗ್ಗವಾದ ಮೇಲೆ ಈ ವ್ಯವಸ್ಥೆ ಬದಲಾಯಿತು. ಅಮೆರಿಕದ ಕ್ರೈಸ್ಲರ್ ಕಂಪನಿ 1960ರ ದಶಕದ ಆರಂಭದಲ್ಲಿ ತನ್ನ ಕಾರುಗಳಿಗೆ ಆಲ್ಟರ್ನೇಟರ್ ಅಳವಡಿಸಿತು; ಭಾರತದಲ್ಲಿ 1983ರ ಮಾರುತಿ 800 ಮತ್ತು ಅದರ ನಂತರದ ವಾಹನಗಳೊಂದಿಗೆ ಅದು ಮನೆಮಾತಾಯಿತು. ಇಲ್ಲಿ ತಿರುಗುವುದು ಕಾಂತ. ವಿದ್ಯುತ್ತು ಹುಟ್ಟುವುದು ಹೊರಗೆ ಸ್ಥಿರವಾಗಿ ನಿಂತ ಸ್ಟೇಟರಿನ ಮೂರು ಸುರುಳಿಗಳಲ್ಲಿ. ಆರು ಡಯೋಡುಗಳು ಅದನ್ನು ನೇರ ಪ್ರವಾಹವಾಗಿ ಮಾರ್ಪಡಿಸುತ್ತವೆ. ಎಂಜಿನ್ ನಿಧಾನವಾಗಿ ಓಡುವಾಗಲೂ ಚಾರ್ಜ್ ಸಿಗುವುದರಿಂದ ಸಿಗ್ನಲ್ಲುಗಳಲ್ಲಿ ನಿಂತು ನಿಂತು ಸಾಗುವ ನಗರಕ್ಕೆ ಇದು ವರವಾಯಿತು. ಕುಶಲಕರ್ಮಿಗಳು ಹೊಸ ಯಂತ್ರವನ್ನು ಹಳೆಯ ಸಲಕರಣೆಯಿಂದಲೇ ಪಳಗಿಸಿದರು: ಬ್ಯಾಟರಿಗೆ ಸರಣಿಯಲ್ಲಿ ಜೋಡಿಸಿದ ಒಂದು ಬಲ್ಬು ಡಯೋಡಿನ ಒಂದು ದಿಕ್ಕಿನಲ್ಲಿ ಉರಿದು, ವೈರುಗಳನ್ನು ಅದಲುಬದಲು ಮಾಡಿದಾಗ ಆರಿದರೆ ಡಯೋಡ್ ಸರಿಯಿದೆ, ಎರಡೂ ದಿಕ್ಕಿನಲ್ಲಿ ಉರಿದರೆ ಶಾರ್ಟ್ ಆಗಿದೆ, ಎರಡರಲ್ಲೂ ಉರಿಯದಿದ್ದರೆ ಒಳಗೆ ಕಡಿದಿದೆ.

ಸಾಮರ್ಥ್ಯ ಹೆಚ್ಚಿಸುವ ಬೇಡಿಕೆ ಬಲವಾದದ್ದು ಸಣ್ಣ ಸರಕು ವಾಹನಗಳ ಕಾಲದಲ್ಲಿ. ಮೆಟಡೋರ್, 1986ರ ಟಾಟಾ 407, 1988ರ ಟಾಟಾ ಮೊಬೈಲ್ ಪಿಕಪ್, ಮಹೀಂದ್ರ ಪಿಕಪ್‌ಗಳು, 2005ರ ಟಾಟಾ ಏಸ್, ಹೀಗೆ ಒಂದರ ಹಿಂದೊಂದು ಬಂದ ಗಾಡಿಗಳು ತರಕಾರಿ ಮತ್ತು ಮನೆ ಸಾಮಾನುಗಳ ಜೊತೆಗೆ ಗಣೇಶೋತ್ಸವ ಹಾಗೂ ರಾಜ್ಯೋತ್ಸವಗಳ ಧ್ವನಿವರ್ಧಕ ಮತ್ತು ದೀಪಗಳನ್ನೂ ಹೊತ್ತವು. ಕೆಲವು ಸಂಚಾರಿ ಹೋಟೆಲುಗಳೂ ಆದವು. ಎರಡು ಹೆಡ್‌ಲೈಟುಗಳು ಎಳೆಯುವುದು ಎಂಟೊಂಬತ್ತು ಆಂಪಿಯರ್ ಮಾತ್ರ. 500 ವ್ಯಾಟ್ ಬಳಸುವ ಒಂದು ಆಂಪ್ಲಿಫೈಯರ್ 14 ವೋಲ್ಟಿನಲ್ಲಿ ಸುಮಾರು 36 ಆಂಪಿಯರ್ ಎಳೆಯುತ್ತದೆ. ಆದಾಯಕ್ಕಿಂತ ಖರ್ಚು ಮಿಕ್ಕ ಸಂಸಾರದಂತೆ ಇಂಥ ಗಾಡಿ ಬ್ಯಾಟರಿಯ ಕೂಡಿಟ್ಟದ್ದನ್ನು ಕರಗಿಸುತ್ತಾ ಹೋಗಿ, ಕೊನೆಗೆ ಸೆಲ್ಫ್ ಹೊಡೆದರೂ ಸ್ಟಾರ್ಟ್ ಆಗದ ಸ್ಥಿತಿಗೆ ಬರುತ್ತದೆ.

ಆದರೆ ದೊಡ್ಡ ಆಲ್ಟರ್ನೇಟರ್ ಕೂರಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲವೆಂಬುದೇ ಈ ಕಸುಬಿನ ತಿರುಳು. ತಗಡಿನ ಮೇಲೆ ನಮೂದಿಸಿದ 90 ಆಂಪಿಯರ್ ಎಂಬುದು ಅತಿವೇಗದಲ್ಲಿ ಸಿಗುವ ಸಂಖ್ಯೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಗಾಡಿ ನಿಂತಾಗ ಸಿಗುವುದು ಅದರ ಒಂದು ಪಾಲು ಮಾತ್ರವಾದ್ದರಿಂದ, ನಿಂತ ಗಾಡಿಯ ಲೆಕ್ಕವನ್ನೇ ಮೊದಲು ಹಾಕಬೇಕಾಗುತ್ತದೆ. ಆಲ್ಟರ್ನೇಟರಿನಿಂದ ಬ್ಯಾಟರಿಗೆ ಹೋಗುವ ಮೂಲ ಕೇಬಲ್ ಹೆಚ್ಚಿನ ಪ್ರವಾಹಕ್ಕೆ ಕಾದು ಬೆಂಕಿಗೆ ಕಾರಣವಾಗದಂತೆ ದಪ್ಪ ಕೇಬಲ್ ಎಳೆದು ತಕ್ಕ ಫ್ಯೂಸ್ ಹಾಕಬೇಕು. ಎಂಜಿನ್ನಿಗೂ ಚಾಸಿಗೂ ನಡುವಿನ ಅರ್ಥಿಂಗ್ ಪಟ್ಟಿಯನ್ನು ಬಲಪಡಿಸಬೇಕು. ಹೆಚ್ಚಿದ ಹೊರೆಗೆ ಬೆಲ್ಟ್ ಜಾರದಂತೆ ಬಿಗಿಯನ್ನೂ ಪುಲ್ಲಿಗಳ ನೇರವನ್ನೂ ಹೊಂದಿಸಬೇಕು. ಕೊನೆಗೆ ಎಲ್ಲ ದೀಪಗಳನ್ನೂ ಉರಿಸಿ, ಬ್ಯಾಟರಿಯ ತುದಿಗಳಲ್ಲಿ ಮೀಟರ್ 13.8ರಿಂದ 14.4 ವೋಲ್ಟ್ ತೋರಿಸುವುದೇ ಎಂದು ನೋಡಬೇಕು.

ಈಗ ರಸ್ತೆಗಿಳಿದಿರುವ, ಬ್ಯಾಟರಿಯಿಂದಲೇ ಓಡುವ ಸರಕು ವಾಹನಗಳಲ್ಲಾದರೋ ಆಲ್ಟರ್ನೇಟರೇ ಇಲ್ಲ. 12 ವೋಲ್ಟಿನ ದೀಪ, ಹಾರನ್ನುಗಳಿಗೆ ವಿದ್ಯುತ್ ಒದಗಿಸುವುದು ದೊಡ್ಡ ಬ್ಯಾಟರಿಯ ವೋಲ್ಟೇಜನ್ನು ಇಳಿಸಿ ಕೊಡುವ ಪರಿವರ್ತಕ. ಡೈನಮೋದಿಂದ ಆಲ್ಟರ್ನೇಟರ್‌ಗೆ ದಾಟಿದ ಕಸುಬಿಗೆ ಇದು ಎರಡನೆಯ ದೊಡ್ಡ ತಿರುವು. ಹೊರೆಯನ್ನು ಅಳೆದು ಆನಂತರ ಸಾಮರ್ಥ್ಯವನ್ನು ನಿರ್ಧರಿಸುವ ವಿವೇಕಕ್ಕೆ ಅಲ್ಲಿಯೂ ಬೆಲೆಯಿದೆ. ಆರ್ಮೇಚರ್ ಸುತ್ತಿದ ಕೈಗಳು ಇನ್ನೂ ನಮ್ಮ ನಡುವೆ ಇರುವಾಗಲೇ ತಾಂತ್ರಿಕ ಕಾಲೇಜುಗಳೂ ವಿಶ್ವವಿದ್ಯಾಲಯಗಳ ಇತಿಹಾಸ ವಿಭಾಗಗಳೂ ಆ ಜ್ಞಾನವನ್ನು ಕನ್ನಡದಲ್ಲಿ ದಾಖಲಿಸಬೇಕು.