ವಯೋಭೇದವೂ ಅಮೆರಿಕದ ೧೯೬೭ರ ಕಾಯಿದೆಯೂ

ಅಮೆರಿಕ ಸಂಯುಕ್ತ ಸಂಸ್ಥಾನಗಳ ೧೯೬೪ರ ನಾಗರಿಕ ಹಕ್ಕುಗಳ ಕಾಯಿದೆಯು ಉದ್ಯೋಗದಲ್ಲಿ ವರ್ಣ, ಮತ, ಲಿಂಗಗಳ ಭೇದವನ್ನು ನಿಷೇಧಿಸಿತು. ವಯೋಭೇದವನ್ನು ಮಾತ್ರ ವಿಚಾರಣೆಗೆ ಬಿಟ್ಟಿತು. ಅದರ ಫಲವಾಗಿ ಕಾರ್ಮಿಕ ಸಚಿವ ವಿಲರ್ಡ್ ವರ್ಟ್ಜ್ ೧೯೬೫ರಲ್ಲಿ ಒಪ್ಪಿಸಿದ ವರದಿಯೇ ಇಲ್ಲಿ ನಮಗೆ ಮುಖ್ಯವಾದ ಆಧಾರ. ಖಾಸಗಿ ಉದ್ಯಮಗಳಲ್ಲಿ ವರ್ಷವರ್ಷವೂ ಒದಗುವ ಕೆಲಸಗಳಲ್ಲಿ ಸುಮಾರು ಅರ್ಧದಷ್ಟು ೫೫ ಮೀರಿದವರಿಗೂ, ಕಾಲು ಭಾಗ ೪೫ ಮೀರಿದವರಿಗೂ ಮುಚ್ಚಿದ್ದುವೆಂದು ಅದು ತಿಳಿಸಿತು. ಈ ಭೇದವು ವರ್ಣಭೇದದಂತೆ ದ್ವೇಷದಿಂದ ಹುಟ್ಟಿದುದಲ್ಲ, ಊಹೆಯಿಂದ ಹುಟ್ಟಿದುದು ಎಂಬ ಅದರ ನಿರ್ಣಯವನ್ನು ನಾವು ಒಪ್ಪುತ್ತೇವೆ. ವಯಸ್ಸಾದವರಿಗೆ ಶಕ್ತಿ ಕುಂದಿರಲೇಬೇಕೆಂದು, ಎದುರಿಗಿದ್ದ ವ್ಯಕ್ತಿಯನ್ನು ಪರೀಕ್ಷಿಸದೆಯೇ ಎಣಿಸಲಾಯಿತು. ಆ ಎಣಿಕೆಯೇ ನೇಮಕದ ನಿಯಮವಾಯಿತು. ನಿಯಮವಾದುದನ್ನು ಪ್ರಶ್ನಿಸುವವರು ವಿರಳ.

೧೯೬೭ರ ಕಾಯಿದೆಯು ಇಂಥ ನಿಯಮಗಳನ್ನು ಅಕ್ರಮವೆಂದಿತು. ಯಾವುದಾದರೊಂದು ಕೆಲಸಕ್ಕೆ ವಯೋಮಿತಿ ನಿಜವಾಗಿಯೂ ಅವಶ್ಯಕವೆಂದಾದರೆ, ಅದನ್ನು ತೋರಿಸಿಕೊಡುವ ಹೊಣೆ ಮಾಲಿಕನದಾಯಿತು. ಸೋಜಿಗವೇನೆಂದರೆ, ೪೦ರಿಂದ ೬೫ರೊಳಗಿನವರಿಗೆ ಮಾತ್ರ ರಕ್ಷಣೆಯಿತ್ತ ಆ ಶಾಸನವು ತಾನು ಖಂಡಿಸಿದ ಗೆರೆಯನ್ನೇ ತಾನೂ ಎಳೆಯಿತು. ೬೫ ತುಂಬಿದವರ ಕಡ್ಡಾಯ ನಿವೃತ್ತಿ ಹಾಗೆಯೇ ಉಳಿಯಿತು. ಗೆರೆಯು ೧೯೭೮ರಲ್ಲಿ ೭೦ಕ್ಕೆ ಸರಿದು, ೧೯೮೬ರಲ್ಲಿ ಬಹುಪಾಲು ಉದ್ಯೋಗಗಳಿಂದ ಅಳಿಸಿಹೋಯಿತು. ಆಗಲೂ ಹೊರಗುಳಿದವರಲ್ಲಿ ವಿಶ್ವವಿದ್ಯಾನಿಲಯಗಳ ಕಾಯಂ ಅಧ್ಯಾಪಕರು ಸೇರಿದ್ದರೆಂಬುದು ನಮ್ಮ ಓದುಗರಿಗೆ ಕುತೂಹಲಕರ: ೭೦ ತುಂಬಿದ ಅವರನ್ನು ನಿವೃತ್ತಿಗೊಳಿಸುವ ಅವಕಾಶ ೧೯೯೩ರ ಕೊನೆಯ ದಿನದವರೆಗೂ ಉಳಿದಿತ್ತು.